ವ್ರಣಕ್ಕೆ ಕಂದ, ವ್ರತಕ್ಕೆ ಕುಂದೇ?

ವ್ರತವೆಂಬುದು ಸುಖದ ದಿನಗಳಲ್ಲಿ ಸ್ವೀಕರಿಸಲ್ಪಟ್ಟು ಕಷ್ಟದ ದಿನಗಳಲ್ಲಿ ಪರೀಕ್ಷಿಸಲ್ಪಡುವಂಥದು. ದಶಲಕ್ಷಣ ಪರ್ವದಲ್ಲಿ ಮುನಿ ಮಹಾರಾಜರ ಸನ್ನಿಧಿಯಲ್ಲಿ ಕೈಮುಗಿದು ನಿಂತು, ಕಂದಮೂಲಗಳನ್ನು ಇಂದಿನಿಂದ ತ್ಯಜಿಸಿದೆನೆಂದು ನುಡಿಯುವುದು ಅಷ್ಟೇನೂ ಕಷ್ಟವಲ್ಲ. ಆಲೂಗಡ್ಡೆ, ಈರುಳ್ಳಿ, ಮೂಲಂಗಿ, ಗೆಣಸುಗಳಿಲ್ಲದೆಯೂ ಅಡಿಗೆಯಾಗುತ್ತದೆ, ಊಟ ರುಚಿಸುತ್ತದೆ. ಆದರೆ ಅದೇ ಗಡ್ಡೆಯು ತರಕಾರಿಯ ವೇಷವನ್ನು ಕಳಚಿ ಔಷಧಿಯ ವೇಷದಲ್ಲಿ ನಮ್ಮ ಬಾಗಿಲಿಗೆ ಬಂದು ನಿಂತರೆ ಶ್ರಾವಕನು ಏನು ಮಾಡಬೇಕು? ನಾಲಗೆಗಾಗಿ ಬೇಡವೆಂದು ಬಿಟ್ಟ ವಸ್ತುವನ್ನು ಗಾಯಕ್ಕಾಗಿ ಬೇಕೆಂದು ಕರೆಯಬಹುದೇ? ಈ ಪ್ರಶ್ನೆಯನ್ನು ವಾಚಕ ಬಂಧುಗಳೊಡನೆ ವಿಚಾರಿಸುವುದೇ ಈ ಲೇಖನದ ಉದ್ದೇಶ.

ನನಗೆ ಪರಿಚಿತವಾದ ಒಂದು ಮನೆಯಲ್ಲಿ ಈ ಪ್ರಶ್ನೆಯು ಕಲಹದ ರೂಪವನ್ನೇ ತಾಳಿತ್ತು. ನಾಲ್ಕು ವರ್ಷದ ಮಗುವಿನ ಮುಂಗೈಯ ಮೇಲೆ ಕುದಿಯುವ ಗಂಜಿ ಚೆಲ್ಲಿ ಬೊಬ್ಬೆಗಳೆದ್ದವು. ನೆರೆಯವರೊಬ್ಬರು, ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಕಟ್ಟಿದರೆ ಸುಟ್ಟ ಗಾಯ ಬೇಗ ಮಾಯುತ್ತದೆಂದೂ ಆಸ್ಪತ್ರೆಯಲ್ಲಿಯೇ ಹಾಗೆ ಮಾಡಿದ್ದುಂಟೆಂದೂ ಹೇಳಿದರು. ಜೀವನಪರ್ಯಂತ ಕಂದಮೂಲ ತ್ಯಾಗ ಮಾಡಿದ್ದ ಅಜ್ಜಿಯವರು, “ಆ ಗಡ್ಡೆ ಈ ಹೊಸ್ತಿಲು ದಾಟಕೂಡದು” ಎಂದರು. ಸೊಸೆಯು, “ಅತ್ತೆಯವರೆ, ವ್ರತ ನಿಮ್ಮದು, ಉರಿ ಮಗುವಿನದು” ಎಂದಳು. ಮಗುವನ್ನು ವೈದ್ಯರಲ್ಲಿಗೆ ಒಯ್ದರು, ಗಾಯ ಮಾಯಿತು. ಆದರೆ ಪ್ರಶ್ನೆ ಮಾಯಲಿಲ್ಲ. ಇಬ್ಬರ ನುಡಿಯಲ್ಲಿಯೂ ಸತ್ಯದ ಒಂದೊಂದು ಅಂಶವಿದೆ. ಅನೇಕಾಂತವಾದಿಗಳಾದ ನಾವು ಒಂದನ್ನು ಹಿಡಿದು ಮತ್ತೊಂದನ್ನು ತಳ್ಳುವಂತಿಲ್ಲ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ, ಸಮ್ಯಗ್ಜ್ಞಾನವಿಲ್ಲದೆ ಸಮ್ಯಕ್‌ಚಾರಿತ್ರವಿಲ್ಲವಷ್ಟೆ. ನೆರೆಯವರು ಹೇಳಿದ್ದು ಕಟ್ಟುಕಥೆಯಲ್ಲ. ಮುಂಬಯಿಯ ವೈದ್ಯರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಗಳನ್ನು ಗಾಜ್ ಬಟ್ಟೆಗೆ ಅಂಟಿಸಿ, ಹಬೆಯಲ್ಲಿ ಶುದ್ಧಿಗೊಳಿಸಿ, ಸುಟ್ಟ ಗಾಯಗಳಿಗೆ ಕಟ್ಟಿ ನೋಡಿದರು. ಆ ಕುರಿತ ಅವರ ಮೊದಲ ವರದಿ 1985ರಲ್ಲಿ ಪ್ರಕಟವಾಯಿತು. 1990ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ, ಬರಿಯ ಗಾಜ್ ಬಟ್ಟೆಯ ಕೆಳಗೆ ಗಾಯವು ಒಣಗಿಹೋಗುತ್ತಿತ್ತೆಂದೂ ಸಿಪ್ಪೆಯ ಕೆಳಗೆ ತೇವವು ಉಳಿದು ಹೊಸ ಚರ್ಮವು ಬೇಗ ಹಬ್ಬುತ್ತಿತ್ತೆಂದೂ ಕಂಡುಬಂದಿತು. ರೋಗಾಣುಗಳಾದರೋ ಎರಡು ಬಗೆಯ ಗಾಯಗಳಲ್ಲಿಯೂ ಇದ್ದವು. ಇದರಿಂದ ತಿಳಿಯತಕ್ಕದ್ದೇನು? ಗುಣವಿದ್ದುದು ಗಡ್ಡೆಯ ರಸದಲ್ಲಿ ಅಡಗಿದ ಯಾವುದೋ ಸಂಜೀವಿನಿಯಲ್ಲಲ್ಲ. ನೀರನ್ನು ಹೊರಬಿಡದಂತೆ ತಡೆಯುವ ಆ ತೆಳ್ಳನೆಯ ಸಿಪ್ಪೆಯ ಹೊದಿಕೆಯಲ್ಲಿ. ಹಸಿ ಗಡ್ಡೆಯನ್ನು ತುರಿದು ಗಾಯಕ್ಕೆ ಮೆತ್ತುವುದು ಬೇರೆ, ಶುದ್ಧಿಗೊಳಿಸಿದ ಸಿಪ್ಪೆಯನ್ನು ವೈದ್ಯರು ಕಟ್ಟುವುದು ಬೇರೆ. ಮೊದಲನೆಯದರಿಂದ ಗಾಯಕ್ಕೆ ಮಣ್ಣಿನ ಕೊಳೆ ಸೇರಿ ಕೀವಾಗುವ ಭಯವುಂಟು.

ಹೊಟ್ಟೆಯ ಹುಣ್ಣಿನ ವಿಷಯದಲ್ಲಿಯೂ ಗಡ್ಡೆಗಳ ಹೆಸರು ಕೇಳಿಬರುತ್ತದೆ. ಹಸಿ ಆಲೂಗಡ್ಡೆಯ ರಸವನ್ನು ಕುಡಿಯುವ ಮನೆಮದ್ದು ಯುರೋಪಿನಲ್ಲಿ ಬಹುಕಾಲದಿಂದ ಇದೆ. ನಮ್ಮ ಜ್ಯೇಷ್ಠಮಧುವಿನ ಬೇರಿನ ಸತ್ವದಿಂದ 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜಠರದ ಹುಣ್ಣಿಗೆ ಔಷಧವನ್ನೇ ತಯಾರಿಸಿದರು. ಅದು ಹುಣ್ಣನ್ನು ಮಾಯಿಸಿತು. ಆದರೆ ದೇಹದಲ್ಲಿ ಉಪ್ಪು ನೀರುಗಳನ್ನು ತಡೆದು ರಕ್ತದೊತ್ತಡವನ್ನೂ ಏರಿಸಿತು. ಉತ್ತಮ ಔಷಧಗಳು ಬಂದೊಡನೆ ಅದು ಹಿಂದೆ ಸರಿಯಿತು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಜಠರದಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದರು. ಹೊಟ್ಟೆಯ ಹುಣ್ಣುಗಳಲ್ಲಿ ಬಹುಪಾಲಿಗೆ ಇದಾಗಲಿ ನೋವಿನ ಮಾತ್ರೆಗಳ ಸೇವನೆಯಾಗಲಿ ಕಾರಣವೆಂಬುದು ಈಗ ನಿಶ್ಚಿತವಾಗಿದೆ. ಅವರಿಬ್ಬರಿಗೂ 2005ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದುದರಿಂದ ಹುಣ್ಣಿಗೆ ಗಡ್ಡೆಯ ರಸವೇ ಗತಿಯೆಂದು ಹೇಳುವ ಕಾಲ ಕಳೆದಿದೆ.

ಇನ್ನು ಶಾಸ್ತ್ರದ ಕಡೆಗೆ ತಿರುಗೋಣ. ಆಲೂಗಡ್ಡೆಯ ಹೆಸರು ನಮ್ಮ ಪ್ರಾಚೀನ ಗ್ರಂಥಗಳಲ್ಲಿಲ್ಲ. ಇರಲು ಸಾಧ್ಯವೂ ಇಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಹುಟ್ಟಿದ ಆ ಗಿಡವು ಯುರೋಪಿಯನ್ನರ ಹಡಗುಗಳೇರಿ ನಮ್ಮ ದೇಶಕ್ಕೆ ಬಂದದ್ದು. ಸಸ್ಯಶಾಸ್ತ್ರಜ್ಞರು ಅದನ್ನು ಬೇರೆಂದೂ ಕರೆಯುವುದಿಲ್ಲ, ನೆಲದೊಳಗೆ ಉಬ್ಬಿದ ಕಾಂಡವೆನ್ನುತ್ತಾರೆ. ಇದರಿಂದ ಅದು ನಿಷೇಧದ ಹೊರಗೆ ನಿಲ್ಲುವುದೇ? ಇಲ್ಲ. ಏಕೆಂದರೆ ಆಚಾರ್ಯರು ಹೆಸರುಗಳನ್ನು ಮಾತ್ರವಲ್ಲ, ಲಕ್ಷಣಗಳನ್ನೂ ಕೊಟ್ಟಿದ್ದಾರೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಹೇಳುವ ಗುರುತುಗಳು ಇವು: ನರ, ಸಂಧಿ, ಗಂಟುಗಳು ಹೊರಗೆ ಕಾಣದಿರುವುದು, ಮುರಿದಾಗ ಸಮನಾಗಿ ತುಂಡಾಗುವುದು, ತುಂಡುಗಳ ನಡುವೆ ನಾರು ಉಳಿಯದಿರುವುದು, ಕತ್ತರಿಸಿದರೂ ಮತ್ತೆ ಚಿಗುರುವುದು. ಕಣ್ಣುಳ್ಳ ಒಂದು ಚೂರನ್ನು ಹೂಳಿದರೆ ಸಾಕು, ಆಲೂಗಡ್ಡೆಯು ಗಿಡವಾಗಿ ಏಳುತ್ತದೆಂಬುದು ರೈತರೆಲ್ಲರೂ ಬಲ್ಲ ಮಾತು. ಅನಂತ ಜೀವಗಳಿಗೆ ಆಶ್ರಯವಾದ ಇಂತಹ ಕಾಯವೊಂದನ್ನು ಕೊಂದವನು ಅನಂತವನ್ನು ಕೊಂದಂತಾಗುವುದರಿಂದ ಅವೆಲ್ಲವನ್ನೂ ಅವಶ್ಯವಾಗಿ ಬಿಡಬೇಕೆಂದು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ವಿಧಿಸಿದ್ದಾರೆ. ಅಜ್ಜಿಯವರ ನಿಲುವಿಗೆ ಇದು ಆಧಾರ.

ಆದರೆ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಮೂಲಂಗಿ, ಹಸಿಶುಂಠಿ ಮೊದಲಾದುವನ್ನು ನಿಷೇಧಿಸುವಾಗ ಕೊಡುವ ಕಾರಣವನ್ನು ಗಮನಿಸಬೇಕು. ಅದು ಅಲ್ಪಫಲ, ಬಹುವಿಘಾತ. ಎಂದರೆ ದೊರೆಯುವ ಫಲ ಕಿರಿದು, ಆಗುವ ಘಾತ ಹಿರಿದು ಎಂಬುದು. ಇದು ತಕ್ಕಡಿಯ ಭಾಷೆ. ಒಂದು ತಟ್ಟೆಯಲ್ಲಿ ಫಲ, ಇನ್ನೊಂದರಲ್ಲಿ ಘಾತ. ಸೊಸೆಯ ಪಕ್ಷವನ್ನು ವಹಿಸುವವರು ಇಲ್ಲಿಯೇ ಕೇಳಬಹುದು: ಗೊಜ್ಜಿನ ರುಚಿಗಾಗಿ ಗಡ್ಡೆಯನ್ನು ಕೊಂದರೆ ಫಲವು ಅಲ್ಪವೆಂಬುದು ಸರಿ, ಮಗುವಿನ ಕೈಯ ಗಾಯ ಮಾಯುವುದಾದರೆ ಅದೂ ಅಲ್ಪವೇ? ತಟ್ಟೆಯ ಮೇಲಿನ ವಸ್ತು ಬದಲಾದ ಮೇಲೆ ತೂಕವೂ ಬದಲಾಗಬೇಡವೇ?

ಈ ಪ್ರಶ್ನೆಯನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಹಿಂಸೆಯ ಲೇಶವೂ ಇಲ್ಲದ ಚಿಕಿತ್ಸೆ ಗೃಹಸ್ಥನಿಗೆ ಇಲ್ಲವೇ ಇಲ್ಲ. ಸುಟ್ಟ ಕೈಯನ್ನು ಒಡನೆಯೇ 20 ನಿಮಿಷಗಳ ಕಾಲ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕೆಂಬುದು ಇಂದಿನ ವೈದ್ಯರ ಮೊದಲ ಸೂಚನೆ. ಜಲವೂ ಏಕೇಂದ್ರಿಯ ಕಾಯವೆಂದು ನಾವು ನಂಬುತ್ತೇವೆ. ಅದರಲ್ಲಿರುವ ತ್ರಸಜೀವಗಳ ರಕ್ಷಣೆಗಾಗಿ ನಲ್ಲಿಗೆ ಬಟ್ಟೆಯನ್ನೂ ಕಟ್ಟುತ್ತೇವೆ. ಆದರೂ ಮಗು ಅಳುತ್ತಿರುವಾಗ ಆ ನೀರನ್ನು ಅಳೆದು ಬಿಡುವ ಅಜ್ಜಿ ಯಾವ ಶ್ರಾವಕ ಮನೆಯಲ್ಲಿಯೂ ಇರಲಾರರು. ಹುಣ್ಣಿಗೆ ಕೊಡುವ ಔಷಧವು ರೋಗಾಣುಗಳನ್ನು ಅಳಿಸುತ್ತದೆ. ಇವೆಲ್ಲವೂ ಆರಂಭೀ ಮತ್ತು ವಿರೋಧೀ ಹಿಂಸೆಯ ಎಲ್ಲೆಯಲ್ಲಿ ಬರುತ್ತವೆ. ಗೃಹಸ್ಥನು ಸಂಕಲ್ಪಪೂರ್ವಕವಾಗಿ ತ್ರಸಜೀವಗಳನ್ನು ಕೊಲ್ಲುವುದನ್ನು ಬಿಡಬೇಕು. ಸ್ಥಾವರ ಜೀವಗಳ ಘಾತವನ್ನು ಅಗತ್ಯದ ಎಲ್ಲೆಯೊಳಗೆ ಕುಗ್ಗಿಸಬೇಕು. ಆದುದರಿಂದ ಪ್ರಶ್ನೆಯು ಹಿಂಸೆ ಇದೆಯೇ ಇಲ್ಲವೇ ಎಂಬುದಲ್ಲ; ಅಗತ್ಯ ನಿಜವಾದದ್ದೇ, ಘಾತವನ್ನು ಇದಕ್ಕಿಂತ ಕಡಿಮೆ ಮಾಡಲು ಬರುವುದೇ ಎಂಬುದು.

ಇಲ್ಲಿ ಕೆಲವರು ಒಂದು ಸುಲಭದ ದಾರಿಯನ್ನು ತೋರಿಸುತ್ತಾರೆ. ಬೇಯಿಸಿದ ಸಿಪ್ಪೆಯು ಅಚಿತ್ತ, ಪ್ರಾಸುಕ. ಮೇಲಾಗಿ ಅದನ್ನು ತಿನ್ನುವುದಿಲ್ಲ, ಕಟ್ಟುವುದು ಮಾತ್ರ. ಒಣಶುಂಠಿಯನ್ನೂ ಅರಿಶಿನವನ್ನೂ ಬಳಸುವ ನಾವು ಇದಕ್ಕೇಕೆ ಹೆದರಬೇಕು ಎನ್ನುತ್ತಾರೆ. ಈ ವಾದದಲ್ಲಿ ಅರ್ಧ ಬಲವಿದೆ. ಆಹಾರದ ತ್ಯಾಗವನ್ನು ಮಾತ್ರ ನುಡಿದವನು ಲೇಪನದಿಂದ ತನ್ನ ನುಡಿಯನ್ನು ಮುರಿದಂತಾಗುವುದಿಲ್ಲವೆಂಬುದು ನಿಜ. ಆದರೆ ನುಡಿ ಮುರಿಯದಿದ್ದ ಮಾತ್ರಕ್ಕೆ ಘಾತ ಇಲ್ಲವಾಗುವುದಿಲ್ಲ. ಬೆಂದ ಗಡ್ಡೆಯಲ್ಲಿ ಈಗ ಜೀವವಿಲ್ಲ. ಆದರೆ ಅದನ್ನು ಬೇಯಿಸಿದವರಾರು, ಯಾರಿಗಾಗಿ? ಕೃತ, ಕಾರಿತ, ಅನುಮೋದಿತವೆಂಬ ಮೂರು ದ್ವಾರಗಳಿಂದಲೂ ಕರ್ಮವು ಬರುತ್ತದೆಂದು ನಾವು ಓದಿದ್ದೇವೆ. ಒಣಶುಂಠಿ ಅರಿಶಿನಗಳು ಚಿಟಿಕೆಯಷ್ಟು ಸಾಕಾಗುವ ವಸ್ತುಗಳು; ಅವುಗಳ ಮೇಲೆ ಯಾರಿಗೂ ಲೋಲುಪತೆ ಹುಟ್ಟುವುದಿಲ್ಲ. ಔಷಧವೆಂಬ ಹೆಸರಿನಲ್ಲಿ ಒಳಗೆ ಬಂದ ಗಡ್ಡೆಯಾದರೋ ಮರುದಿನ ಪಥ್ಯವೆಂಬ ಹೆಸರಿನಲ್ಲಿ ಪಲ್ಯವಾಗಬಹುದು. ವ್ರತವು ಮುರಿಯುವುದು ಹೆಚ್ಚಾಗಿ ಹೀಗೆಯೇ. ಬಾಗಿಲನ್ನು ಒಡೆದಲ್ಲ, ಬಾಗಿಲಿಗೆ ಹೊಸ ಹೆಸರನ್ನಿಟ್ಟು.

ಹಾಗಾದರೆ ದಾರಿ ಯಾವುದು? ಪರ್ಯಾಯವನ್ನು ಹುಡುಕುವುದು ಅಹಿಂಸಾವ್ರತಿಯ ಮೊದಲ ಕರ್ತವ್ಯ. ಸುದೈವದಿಂದ ನಮ್ಮ ಪ್ರಶ್ನೆಗೆ ಉತ್ತರ ಮುಂಬಯಿಯಿಂದಲೇ ಬಂದಿದೆ. 2003ರಲ್ಲಿ ಅಲ್ಲಿಯ ಬೇರೆ ವೈದ್ಯರು ಚರ್ಮದ ಪೂರ್ಣ ಆಳಕ್ಕೆ ಇಳಿಯದ ಸುಟ್ಟ ಗಾಯಗಳಿಗೆ ಬಾಳೆಲೆಯ ಪಟ್ಟಿಯನ್ನೂ ಆಲೂಗಡ್ಡೆ ಸಿಪ್ಪೆಯ ಪಟ್ಟಿಯನ್ನೂ ಕಟ್ಟಿ ಹೋಲಿಸಿದ ಅಧ್ಯಯನವನ್ನು ಪ್ರಕಟಿಸಿದರು. ಎರಡರ ಗುಣವೂ ಸಮಾನವೆಂದು ಕಂಡಿತು. ಬಾಳೆಲೆಯದು ಬಹಳ ಅಗ್ಗವೂ ಸಿದ್ಧಪಡಿಸಲು ಸುಲಭವೂ ಆಗಿತ್ತು. ಗಾಯಕ್ಕೆ ಅಂಟದ, ತೇವವನ್ನು ಕಾಯುವ ನುಣುಪಾದ ಹೊದಿಕೆ ಬೇಕಾಗಿತ್ತು. ಅದು ನಮ್ಮ ಹಿತ್ತಿಲಿನ ಬಾಳೆಯಲ್ಲಿಯೇ ಇತ್ತು. ಬಲಿತ ಬಾಳೆಲೆಯಲ್ಲಿ ನರಗಳು ಕಣ್ಣಿಗೆ ಕಾಣುತ್ತವೆ, ಹರಿದಾಗ ನಾರು ಉಳಿಯುತ್ತದೆ; ನೇಮಿಚಂದ್ರರು ಹೇಳಿದ ಅನಂತಕಾಯದ ಗುರುತುಗಳು ಅದಕ್ಕೆ ಹೊಂದುವುದಿಲ್ಲ. ಎಲೆಯನ್ನು ಕೊಯ್ದರೂ ಬಾಳೆಯ ಗಿಡ ಬದುಕುತ್ತದೆ. ಗಡ್ಡೆಯನ್ನು ಅಗೆಯುವಾಗಲಾದರೋ ಗಿಡವೂ ಹೋಗುತ್ತದೆ, ಮಣ್ಣಿನಲ್ಲಿರುವ ತ್ರಸಜೀವಗಳೂ ಸಾಯುತ್ತವೆ. ಇದಲ್ಲದೆ ಪ್ಯಾರಾಫಿನ್ ಸವರಿದ ಗಾಜ್ ಬಟ್ಟೆ ಎಲ್ಲ ಔಷಧಿ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಬಾಳೆಲೆಯನ್ನಾಗಲಿ ಬೇರೊಂದನ್ನಾಗಲಿ ಶುದ್ಧಿಗೊಳಿಸದೆ, ವೈದ್ಯರನ್ನು ಕೇಳದೆ ಮನೆಯಲ್ಲಿಯೇ ಕಟ್ಟತಕ್ಕದ್ದಲ್ಲವೆಂಬುದನ್ನು ಮಾತ್ರ ಮರೆಯಬಾರದು. ಸಮಾನ ಫಲ ಕೊಡುವ ಅಲ್ಪಘಾತದ ಮಾರ್ಗವಿರುವಾಗ ಬಹುಘಾತದ ಮಾರ್ಗವನ್ನು ಹಿಡಿಯುವುದಕ್ಕೆ ಅಗತ್ಯವೆಂಬ ಹೆಸರು ಸಲ್ಲುವುದಿಲ್ಲ.

ಈ ಬಗೆಯ ಶೋಧನೆ ನಮ್ಮ ಪರಂಪರೆಗೆ ಹೊಸತಲ್ಲ. ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಗಿ ಹೊರಬಂದಿದೆ. ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆ, ಔಷಧದಲ್ಲಿ ಮಾಂಸದ ಅಗತ್ಯವಿಲ್ಲವೆಂದು ಅವರು ಪ್ರತಿಪಾದಿಸಿದ ವಿಚಾರವು ಗ್ರಂಥದ ಕೊನೆಯಲ್ಲಿದೆ. ರೋಗಿಯು ಸಾಯಲಿ, ವ್ರತ ಉಳಿಯಲಿ ಎಂದು ಅವರು ಹೇಳಲಿಲ್ಲ; ರೋಗಿಗಾಗಿ ಏನನ್ನಾದರೂ ಕೊಲ್ಲಬಹುದೆಂದೂ ಹೇಳಲಿಲ್ಲ. ರೋಗವೂ ಗುಣವಾಗಬೇಕು, ವ್ರತವೂ ಉಳಿಯಬೇಕೆಂದು ಒಂದು ವೈದ್ಯಶಾಸ್ತ್ರವನ್ನೇ ರಚಿಸಿದರು. ವ್ರತವು ಅವರ ಬುದ್ಧಿಯನ್ನು ಕಟ್ಟಿಹಾಕಲಿಲ್ಲ, ದುಡಿಸಿತು.

ಪರ್ಯಾಯವೇ ದೊರೆಯದಿದ್ದರೆ? ಈ ಕಠಿಣ ಪ್ರಶ್ನೆಗೆ ಸಮಂತಭದ್ರರ ಗ್ರಂಥಕ್ಕಿಂತಲೂ ಅವರ ಜೀವನವೇ ಉತ್ತರ ಕೊಡುತ್ತದೆ. ದೇವಚಂದ್ರನ ‘ರಾಜಾವಳಿ ಕಥೆ’ಯೇ ಮೊದಲಾದುವುಗಳಲ್ಲಿ ಬರುವ ಕಥೆ ನಮ್ಮವರಿಗೆ ತಿಳಿದದ್ದೇ. ಅವರಿಗೆ ಭಸ್ಮಕವೆಂಬ ರೋಗ ಬಂದಿತು. ಎಷ್ಟು ಉಂಡರೂ ತೀರದ ಹಸಿವು. ಮುನಿಚರ್ಯೆಯಲ್ಲಿ ಅದಕ್ಕೆ ಚಿಕಿತ್ಸೆ ಅಸಾಧ್ಯ. ಅವರು ಗುರುಗಳಲ್ಲಿ ಸಲ್ಲೇಖನವನ್ನು ಬೇಡಿದರು. ಗುರುಗಳು ಒಪ್ಪಲಿಲ್ಲ, ಮುನಿದೀಕ್ಷೆಯನ್ನು ಬದಿಗಿಟ್ಟು ರೋಗವನ್ನು ಕಳೆದುಕೊಂಡು ಮತ್ತೆ ದೀಕ್ಷೆ ತಾಳೆಂದರು. ಸಮಂತಭದ್ರರು ಹಾಗೆಯೇ ಮಾಡಿದರು. ಇದರಲ್ಲಿ ಎರಡು ಪಾಠಗಳಿವೆ. ಉಪಾಯವಿರುವ ರೋಗದಲ್ಲಿ ದೇಹವನ್ನು ಬಿಸಾಡುವುದು ಧರ್ಮವಲ್ಲ. ಸಲ್ಲೇಖನವನ್ನು ವಿಧಿಸುವಾಗ ಅವರೇ ಪ್ರತೀಕಾರವಿಲ್ಲದ ರೋಗವೆಂದು ಎಲ್ಲೆಯನ್ನು ಹಾಕಿದ್ದಾರೆ. ಇದು ಮೊದಲನೆಯದು. ಎರಡನೆಯದು ಇನ್ನೂ ಸೂಕ್ಷ್ಮವಾದುದು: ಅವರು ಪಿಂಛಿ ಕಮಂಡಲುಗಳನ್ನು ಹಿಡಿದುಕೊಂಡೇ ಗುಟ್ಟಾಗಿ ಉಣ್ಣಲಿಲ್ಲ. ವ್ರತವನ್ನು ವ್ರತವೆಂದೇ ಗೌರವಿಸಿ, ಪಾಲಿಸಲಾಗದಾಗ ಅದನ್ನು ಬಹಿರಂಗವಾಗಿ ಇಳಿಸಿದರು. ಗುಣವಾದ ಮೇಲೆ ಬಹಿರಂಗವಾಗಿಯೇ ಮತ್ತೆ ಎತ್ತಿಕೊಂಡರು.

ಶ್ರಾವಕನಿಗೂ ಇದೇ ಮಾದರಿ. ಬೇರೆ ಉಪಾಯವೇ ಇಲ್ಲವೆಂದು ತಿಳಿದ ವೈದ್ಯರು ಹೇಳಿದರೆ ಔಷಧವನ್ನು ಅಳತೆಯರಿತು ಸ್ವೀಕರಿಸಲಿ. ಗುರುಗಳ ಮುಂದೆ ಆಲೋಚನೆ ಮಾಡಿ ಪ್ರಾಯಶ್ಚಿತ್ತವನ್ನು ಬೇಡಲಿ. ರೋಗ ಕಳೆದ ದಿನವೇ ವ್ರತವನ್ನು ಪುನಃ ಹಿಡಿಯಲಿ. ಆದರೆ, ಇದು ಹಿಂಸೆಯೇ ಅಲ್ಲವೆಂದು ಮಾತ್ರ ಹೇಳದಿರಲಿ. ದೋಷವಾಯಿತೆಂದು ಅರಿತವನಲ್ಲಿ ವ್ರತವು ಗಾಯಗೊಂಡಿದ್ದರೂ ಬದುಕಿರುತ್ತದೆ. ದೋಷವೇ ಇಲ್ಲವೆಂದು ಸಾಧಿಸುವವನಲ್ಲಿ ಅದು ಸತ್ತಿರುತ್ತದೆ. ಅದನ್ನು ಮಾಯಿಸುವ ಎಲೆಯೂ ಇಲ್ಲ, ಬೇರೂ ಇಲ್ಲ.

ಸೊಸೆಯ ಮಾತಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ವ್ರತ ನಿಮ್ಮದು, ಉರಿ ಮಗುವಿನದು ಎಂಬ ಅವಳ ನುಡಿ ಉದ್ಧಟತನದಂತೆ ಕೇಳಿದರೂ ಸಿದ್ಧಾಂತಕ್ಕೆ ವಿರುದ್ಧವಲ್ಲ. ವ್ರತವೆಂದರೆ ಅರಿತು, ಇಚ್ಛಿಸಿ ಮಾಡಿದ ತ್ಯಾಗ. ಅರಿಯದ ಶಿಶುವಿಗೆ ಕುಲದ ಆಚಾರವುಂಟು, ವ್ರತವಿಲ್ಲ. ನನ್ನ ವ್ರತಕ್ಕಾಗಿ ನಾನು ನೋವನ್ನುಂಡರೆ ಅದು ತಪಸ್ಸು. ನನ್ನ ವ್ರತಕ್ಕಾಗಿ ಮತ್ತೊಬ್ಬರು ನೋವನ್ನುಂಡರೆ ಅದು ಪಂಚೇಂದ್ರಿಯ ಜೀವಕ್ಕೆ ನಾನು ಮಾಡಿದ ಪೀಡೆ. ಅಜ್ಜಿಯವರಿಗೇ ಕಾಲಿನಲ್ಲಿ ಹುಣ್ಣಾಗಿದ್ದು, ಅವರು ಅರಿತು ಒಂದು ಔಷಧವನ್ನು ಬೇಡವೆಂದರೆ ಮನೆಯವರು ತಲೆಬಾಗಿ ಬೇರೆ ಔಷಧವನ್ನು ತರಬೇಕು. ಮಗುವಿನ ವಿಷಯದಲ್ಲಿ ಬಾಳೆಲೆಯೋ ಗಾಜ್ ಬಟ್ಟೆಯೋ ದೊರೆಯುವವರೆಗೆ ಗಡ್ಡೆಯನ್ನು ತಡೆಯುವುದು ಅಜ್ಜಿಯವರ ಹಕ್ಕು. ಚಿಕಿತ್ಸೆಯನ್ನೇ ತಡೆಯುವುದು ಅವರ ಹಕ್ಕಲ್ಲ.

ಮತ್ತೊಂದು ವಿಚಾರವನ್ನೂ ಮರೆಮಾಚದೆ ಹೇಳಬೇಕಾಗಿದೆ. ಆಲೂಗಡ್ಡೆಯ ಸಿಪ್ಪೆಗೆ ಬೆಚ್ಚಿಬೀಳುವ ನಮ್ಮ ಮನೆಗಳಲ್ಲಿ ಔಷಧದ ಕ್ಯಾಪ್ಸೂಲುಗಳನ್ನು ಯಾರೂ ಪ್ರಶ್ನಿಸುವುದಿಲ್ಲ. ಸಾಮಾನ್ಯವಾಗಿ ಆ ಗೂಡುಗಳನ್ನು ಮಾಡುವ ಜೆಲಟಿನ್ ಎಂಬ ವಸ್ತು ದನ ಹಂದಿಗಳ ಮೂಳೆ ಚರ್ಮಗಳಿಂದ ಬರುತ್ತದೆ. ಗಾಯಕ್ಕೆ ಹಚ್ಚುವ ಕೆಲವು ಲೇಪಗಳಲ್ಲಿ ಜೇನು ಇರುತ್ತದೆ. ಮಧುತ್ಯಾಗವಾದರೋ ಶ್ರಾವಕನ ಮೂಲಗುಣಗಳಲ್ಲಿಯೇ ಒಂದು. ಏಕೇಂದ್ರಿಯಕ್ಕಾಗಿ ಕಲಹ, ಪಂಚೇಂದ್ರಿಯದ ವಿಷಯದಲ್ಲಿ ಮೌನ. ಇದು ವ್ರತವಲ್ಲ, ವಾಡಿಕೆ. ವೈದ್ಯರನ್ನು ವಿನಯದಿಂದ ಕೇಳಿದರೆ ಅನೇಕ ಔಷಧಗಳು ಮಾತ್ರೆಯ ರೂಪದಲ್ಲಿಯೋ ಸಸ್ಯಮೂಲದ ಗೂಡಿನಲ್ಲಿಯೋ ದೊರೆಯುತ್ತವೆ. ಹಾಗೆ ಕೇಳುವ ಶ್ರಮವೇ ಇಂದಿನ ಶ್ರಾವಕನ ಯತ್ನಾಚಾರ.

ಉಪವಾಸ ಮಾಡುವವರಿಗೂ ಒಂದು ಮಾತು. ಹೊಟ್ಟೆಯ ಹುಣ್ಣು ಇರುವವರು, ಸಕ್ಕರೆ ರೋಗದಿಂದ ಪಾದದಲ್ಲಿ ಮಾಯದ ವ್ರಣವಿರುವವರು, ಪಕ್ಕದ ಮನೆಯವರು ಅಷ್ಟೋಪವಾಸ ಮಾಡಿದರೆಂದು ತಾವೂ ಹೊರಡಬಾರದು. ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳನ್ನು ಎಣಿಸುವಾಗ ಉಮಾಸ್ವಾಮಿಗಳು ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ವ್ಯಾಧಿಯುಳ್ಳವರು ವೈದ್ಯರನ್ನು ಕೇಳಿ, ಊನೋದರ ರಸಪರಿತ್ಯಾಗಗಳಲ್ಲಿ ತಮಗೆ ಸಲ್ಲುವುದನ್ನು ಆರಿಸಿಕೊಂಡರೆ ಅದೂ ತಪಸ್ಸೇ.

ಔಷಧವು ಚತುರ್ವಿಧ ದಾನಗಳಲ್ಲಿ ಒಂದು. ರೋಗಿಯ ಸೇವೆ ವೈಯಾವೃತ್ಯ. ರೋಗಗ್ರಸ್ತ ಮುನಿಯ ವಾಂತಿಯನ್ನು ಅಸಹ್ಯಪಡದೆ ತನ್ನ ಕೈಗಳಿಂದಲೇ ತೊಳೆದ ಉದ್ದಾಯನ ಮಹಾರಾಜನನ್ನು ನಿರ್ವಿಚಿಕಿತ್ಸಾ ಅಂಗಕ್ಕೆ ನಮ್ಮವರು ದೃಷ್ಟಾಂತವಾಗಿ ಹೇಳುತ್ತಾರೆ. ಗಡ್ಡೆಯನ್ನು ಬಿಟ್ಟವನು ಗಾಯವನ್ನು ಬಿಡುವಂತಿಲ್ಲ. ಗಾಯದ ಬಳಿ ಕುಳಿತು, ಕೀವನ್ನು ಒರಸಿ, ಅಲ್ಪಘಾತದ ಔಷಧಕ್ಕಾಗಿ ನಾಲ್ಕು ಅಂಗಡಿ ತಿರುಗುವ ಕೈಗಳಲ್ಲಿ ಕಂದಮೂಲ ತ್ಯಾಗವು ದಯೆಯಾಗುತ್ತದೆ. ಹೊಸ್ತಿಲಲ್ಲಿ ನಿಂತು ಬೇಡವೆನ್ನುವ ಬಾಯಿಯಲ್ಲಿ ಅದು ಬರಿಯ ನಿಷೇಧವಾಗಿ ಉಳಿಯುತ್ತದೆ. ಬರುವ ಪರ್ವದಲ್ಲಿ ವ್ರತ ತೆಗೆದುಕೊಳ್ಳುವ ಶ್ರಾವಕ ಶ್ರಾವಿಕೆಯರು, ಏನನ್ನು ಬಿಡುತ್ತೇವೆಂಬುದರೊಡನೆ, ಅದರ ಬದಲಿಗೆ ಏನನ್ನು ಮಾಡಲು ಸಿದ್ಧರಿದ್ದೇವೆಂಬುದನ್ನೂ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಲಿ.